ನಿಂಗರಾಜುವಿನ ಕಂಪ್ಯೂಟರೂ ಚಿಕ್ಕಮಾದು ಮಗಳ ಮದುವೆ ಕಾರ್ಡೂ

ಕವಲಂದೆಯ ನಿಂಗರಾಜುವಿನ ಮನೆಯಲ್ಲಿ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಾಗಿರಲಿಲ್ಲ. ಮೊದಲು ಸ್ಟೆಬಿಲೈಸರ್ ಹಾಕಿ, ಅದರ ಮುಳ್ಳು ಕುಣಿಯುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಸಿಪಿಯು ಬಟನ್ ಒತ್ತಬೇಕು. ಒಳಗಿನ ಫ್ಯಾನ್ ತಿರುಗಿದರೆ ಸರಿ, ಇಲ್ಲದಿದ್ದರೆ ಪಕ್ಕದ ಮುಚ್ಚಳ ಸರಿಸಿ ಊದುಬತ್ತಿಯ ಕಡ್ಡಿಯಿಂದ ಅದರ ರೆಕ್ಕೆಯನ್ನು ಮೆಲ್ಲಗೆ ತಳ್ಳಬೇಕು. ಆ ಮುಚ್ಚಳಕ್ಕೆ ಸ್ಕ್ರೂ ಹಾಕುವುದನ್ನು ನಿಂಗರಾಜು ಎಂದೋ ಬಿಟ್ಟಿದ್ದ. ದಿನವೂ ಬಿಚ್ಚುವುದಕ್ಕೆ ಸ್ಕ್ರೂ ಯಾಕೆ ಎನ್ನುವುದು ಅವನ ವಾದ. ಫ್ಯಾನ್ ತಿರುಗಿದ ಮೇಲೆ ತಾರೀಖು ಸರಿಮಾಡಬೇಕು. ಒಳಗಿರುವ ಗುಂಡು ಬ್ಯಾಟರಿ ಎಷ್ಟು ಸಲ ಹೊಸದು ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಸತ್ತುಹೋಗಿ, ಬೆಳಗಾಗುವಷ್ಟರಲ್ಲಿ ಕಂಪ್ಯೂಟರು ತಾನು ತಯಾರಾದ ವರ್ಷಕ್ಕೆ ವಾಪಸು ಹೋಗಿರುತ್ತಿತ್ತು.

"ಇದ್ಕೊಂದೇ ಕಣೆ ವಯಸ್ಸಾಗ್ದೇ ಇರದು, ನಮ್ಗೆಲ್ಲ ಆಯ್ತಾ ಅದೆ," ಎಂದು ಅವನ ಹೆಂಡತಿ ಮಾದಮ್ಮ ಮಗಳಿಗೆ ಹೇಳುತ್ತಿದ್ದಳು. ಅವಳ ಸಿಟ್ಟಿಗೆ ಕಾರಣವೂ ಇತ್ತು. ಮನೆಗಿದ್ದದ್ದು ಒಂದೇ ನಡುಮನೆ. ಅದರ ಒಳ್ಳೆಯ ಮೂಲೆಯನ್ನು ಆ ಯಂತ್ರ ಹಿಡಿದಿತ್ತು. ಅದು ನಡೆಯುವಾಗ ಮಿಕ್ಸಿ ಹಾಕುವಂತಿಲ್ಲ, ಮೋಟರು ಹಾಕುವಂತಿಲ್ಲ, ಹತ್ತಿರ ಕಸ ಗುಡಿಸುವಂತಿಲ್ಲ.

ನಿಂಗರಾಜು ಹರೆಯದಲ್ಲೇ ನಂಜನಗೂಡಿನ ಒಂದು ಪ್ರೆಸ್ಸಿಗೆ ಕಾಗದ ಹೊರುವ ಕೆಲಸಕ್ಕೆ ಸೇರಿದವನು. ಅಲ್ಲೇ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ. ಕಂಪ್ಯೂಟರು ಬಂದಾಗ ಅದನ್ನೂ ಕಲಿತ. ಪ್ರೆಸ್ಸಿನ ಮಾಲೀಕ ಶಂಭುಲಿಂಗಪ್ಪ ಒಳ್ಳೆಯ ಮನುಷ್ಯ, ಆದರೆ ಅವನ ಹತ್ತಿರ ಇದ್ದ ಮದುವೆ ಕಾರ್ಡುಗಳಲ್ಲೆಲ್ಲ ಮೇಲೆ ಗಣಪತಿ, ಕೆಳಗೆ ಬಾಳೆಕಂಬ. ನಿಂಗರಾಜುವಿನ ಕುಟುಂಬ ಅವನಪ್ಪನ ಕಾಲದಲ್ಲೇ ಬೌದ್ಧ ಧರ್ಮ ಒಪ್ಪಿಕೊಂಡಿತ್ತು. ತಂಗಿಯ ಮದುವೆಗೆ ಕಾರ್ಡು ಮಾಡಿಸುವ ಹೊತ್ತು ಬಂದಾಗ ಅವನು ಬುದ್ಧನ ಚಿತ್ರ ಬೇಕೆಂದು ಕೇಳಿದ.

"ಗಣಪತಿ ಬ್ಯಾಡ ಅಂದ್ರೆ ಜಾಗ ಖಾಲಿ ಬುಡ್ತೀನಿ ಕಣಯ್ಯ. ಬುದ್ಧನ್ನ ನಾನೆಲ್ಲಿಂದ ತರ್ಲಿ?" ಎಂದ ಶಂಭುಲಿಂಗಪ್ಪ. ಆಮೇಲೆ ಅವನೇ ಯೋಚಿಸಿ, "ಕೆಲ್ಸ ಮುಗ್ಸಿ ನೀನೇ ಬರ್ಕೊ. ಯಂತ್ರ ಏನು ಬ್ಯಾಡ ಅಂದದಾ?" ಎಂದ.

ನಿಂಗರಾಜು ಬರೆದುಕೊಂಡ. ಕಾರ್ಡಿನ ಸುತ್ತ ಅರಳಿ ಎಲೆಗಳ ಅಂಚು, ಪ್ರತಿ ಎಲೆಯ ಉದ್ದನೆ ತುದಿಯೂ ಮುಂದಿನ ಎಲೆಯ ತೊಟ್ಟಿಗೆ ತಾಗುವಂತೆ. ಮೇಲೆ ನಾಲ್ಕೇ ಗೆರೆಯಲ್ಲಿ ಕಣ್ಣು ಮುಚ್ಚಿದ ಬುದ್ಧ. ಒಂದು ಬದಿಯಲ್ಲಿ ಬಾಬಾಸಾಹೇಬರ ಚಿತ್ರ. ಆ ಕಾರ್ಡು ಹಂಚಿದ ಮೇಲೆ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನಿಂದ ಜನ ಅವನನ್ನು ಹುಡುಕಿಕೊಂಡು ಬರತೊಡಗಿದರು. ನಮ್ಮ ಕಾರ್ಡು ನಮ್ಮಂತೆ ಕಾಣುತ್ತದೆ ಎನ್ನುವುದು ಅವರಿಗೆ ದೊಡ್ಡ ಮಾತಾಗಿತ್ತು. ಶಂಭುಲಿಂಗಪ್ಪ ಪ್ರೆಸ್ಸು ಮುಚ್ಚಿ ಫ್ಲೆಕ್ಸ್ ಅಂಗಡಿ ತೆಗೆದಾಗ, ಹಳೆಯ ಕಂಪ್ಯೂಟರನ್ನು ನಿಂಗರಾಜುವಿಗೇ ಕೊಟ್ಟುಬಿಟ್ಟ. ಅಂದಿನಿಂದ ನಿಂಗರಾಜು ಬೆಳಿಗ್ಗೆ ಹೊಲ ನೋಡಿಕೊಂಡು ಬಂದು, ಉಳಿದ ಹೊತ್ತು ಮನೆಯಲ್ಲೇ ಕಾರ್ಡು ಮಾಡುತ್ತಿದ್ದ. ಅಚ್ಚು ಮಾತ್ರ ಮೈಸೂರಿನಲ್ಲಿ.

ಯಂತ್ರ ಮುದಿಯಾಗುತ್ತ ಹೋದಂತೆ ಅವನು ಕಾರ್ಡಿಗಿಂತ ಹೆಚ್ಚು ಹೊತ್ತು ಅದರ ರಿಪೇರಿಯಲ್ಲೇ ಕಳೆಯುವಂತಾಯಿತು. ಒಂದು ದಿನ ಪರದೆ ಕಪ್ಪಾಗಿ ಬರೀ ಕೂಗುತ್ತಿತ್ತು. ರ‍್ಯಾಮ್ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಸರಿಯಾಯಿತು. ಇನ್ನೊಂದು ಮಳೆಗಾಲದಲ್ಲಿ ಕೆಂಪಿರುವೆ ಒಳಗೆ ಗೂಡು ಕಟ್ಟಿದವು. ಒಂದು ಹಲ್ಲಿ ಪವರ್ ಸಪ್ಲೈ ಡಬ್ಬದೊಳಗೆ ಹೊಕ್ಕು ತಾನೂ ಸುಟ್ಟುಹೋಗಿ ಅದನ್ನೂ ಸುಟ್ಟಿತು. ಮನೆಯೆಲ್ಲ ವಾಸನೆ. ಮಾದಮ್ಮ ಆವತ್ತು ಅಡುಗೆಯನ್ನೇ ಹಿತ್ತಿಲಿಗೆ ಸಾಗಿಸಿದಳು.

ಮಗಳು ಕವನ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಮಾಲು ತಯಾರಾದ ಮೇಲೆ ಅದನ್ನು ಪರೀಕ್ಷಿಸುವ ಕೆಲಸ ಅವಳದು. "ಅಪ್ಪಾ, ನಮ್ಮ ಫ್ಯಾಕ್ಟ್ರಿಲಿ ಇಂಥಾದ್ನ ಗೇಟ್ ಒಳಕ್ಕೇ ಬುಡಕಿಲ್ಲ. ಹೊಸದು ತಕ್ಕೊಳನ," ಎಂದು ಅವಳು ಕೇಳಿದಾಗಲೆಲ್ಲ ನಿಂಗರಾಜುವಿನ ಉತ್ತರ ಒಂದೇ: "ಹೊಸದ್ರಲ್ಲಿ ನನ್ ಅಕ್ಷರ ಬರಕಿಲ್ಲ ಕಣವ್ವ."

ಕಳೆದ ಬೇಸಿಗೆಯಲ್ಲಿ ಚಿಕ್ಕಯ್ಯನಛತ್ರದ ಚಿಕ್ಕಮಾದು ಬಂದ. ನಿಂಗರಾಜುವಿನ ಹಳೆಯ ಸ್ನೇಹಿತ. ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ನರಸೀಪುರದವರು, ಅವರ ಬೀದಿಯಲ್ಲೇ ಬುದ್ಧವಿಹಾರ ಇತ್ತು. ಎಲ್ಲ ಕ್ರಮವಾಗಿ ಇರಬೇಕೆನ್ನುವ ಜನ.

"ಕಾರ್ಡು ನೋಡ್ಬುಟ್ಟು ಅವ್ರು ಸೈ ಅನ್ಬೇಕು ಕಣಣ್ಣ. ಅದ್ಕೇ ಬೇರೆ ಕಡೆ ಓಗ್ದೇ ನಿನ್ ತಾವ ಬಂದಿವ್ನಿ," ಎಂದ ಚಿಕ್ಕಮಾದು.

ನಿಂಗರಾಜುವಿಗೆ ಖುಷಿಯಾಯಿತು. ಹೆಸರು, ಊರು, ಮುಹೂರ್ತದ ಬದಲಿಗೆ ಹಾಕುವ ಸಮಯ, ಎಲ್ಲವನ್ನೂ ಕೂರಿಸಿ, ಅರಳಿ ಎಲೆಯ ಅಂಚನ್ನು ಎಳೆದು ತಂದು ಜೋಡಿಸುತ್ತಿದ್ದ. ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಯಂತ್ರ ಮಾತ್ರ ಬರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಹಾಗೇ ಕಪ್ಪಾಗಿತ್ತು. ರ‍್ಯಾಮ್ ಉಜ್ಜಿದ. ವೈರುಗಳನ್ನೆಲ್ಲ ಕಿತ್ತು ಹಾಕಿದ. ಕೊನೆಗೆ ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ ಮದರ್‌ಬೋರ್ಡಿನ ಮೇಲಿದ್ದ ಸಣ್ಣ ಕೆಪಾಸಿಟರುಗಳ ತಲೆ ಉಬ್ಬಿ ಕಂದು ಅಂಟು ಹೊರಗೆ ಬಂದಿತ್ತು. ಬೋರ್ಡೇ ಹೋಗಿದೆ ಎಂದು ಅವನಿಗೆ ತಿಳಿಯಿತು. ಆದರೂ ಇನ್ನೊಂದು ಸಲ ಬಟನ್ ಒತ್ತಿದ. ಆಮೇಲೆ ಇನ್ನೂ ಒಂದು ಸಲ.

"ಈಗ ಮಿಕ್ಸಿ ಆಕ್ಲಾ?" ಎಂದು ಮಾದಮ್ಮ ಒಳಗಿನಿಂದ ಕೇಳಿದಳು.

"ಆಕು! ಮಿಕ್ಸಿನೂ ಆಕು, ಮೋಟ್ರೂ ಆಕು!" ಎಂದು ಅವನು ಅರಚಿದ. ಮಾದಮ್ಮ ಏನನ್ನೂ ಹಾಕಲಿಲ್ಲ.

ಮರುದಿನ ಸಿಪಿಯುವನ್ನು ಹಳೆ ಸೀರೆಯಲ್ಲಿ ಸುತ್ತಿ, ರೈಲು ಹತ್ತಿ ನಂಜನಗೂಡಿಗೆ ಹೋದ. ಜಾಗ ಸಿಗದೆ ಅದನ್ನು ಪಾದಗಳ ಮೇಲೆ ಇಟ್ಟುಕೊಂಡೇ ನಿಂತಿದ್ದ. ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗಿ ಶ್ವೇತ ಮುಚ್ಚಳ ತೆಗೆದು, ಕೈಯಿಂದ ಮೂಗಿನ ಮುಂದೆ ಗಾಳಿ ಬೀಸಿಕೊಂಡಳು.

"ಅಣ್ಣ, ಈ ಬೋರ್ಡು ಎಲ್ಲೂ ಸಿಗಲ್ಲ. ಹೊಸದು ತಗೊಳ್ಳಿ."

"ನನ್ ಸಾಫ್ಟ್‌ವೇರ್ ಹೊಸದ್ರಲ್ಲಿ ಓಡ್ತದಾ?"

ನೋಡೋಣ ಎಂದು ಅವಳು ಹಾರ್ಡ್ ಡಿಸ್ಕನ್ನು ಬಿಚ್ಚಿ ತನ್ನ ಹೊಸ ಯಂತ್ರಕ್ಕೆ ಹಾಕಿದಳು. ಹಳೆಯ ಸಾಫ್ಟ್‌ವೇರು ಆ ಯಂತ್ರದಲ್ಲಿ ಕೂರಲೇ ಇಲ್ಲ. ಬೇರೊಂದರಲ್ಲಿ ಕಾರ್ಡನ್ನು ತೆರೆದಾಗ ಎಲೆಗಳು ಚೆದುರಿಹೋಗಿದ್ದವು. ಚಿಕ್ಕಮಾದುವಿನ ಮಗಳ ಹೆಸರಿರಬೇಕಾದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು, ಅವುಗಳ ತಲೆ ಮೇಲೆ ಗೀಟು, ನಡುವೆ ಪೌಂಡಿನ ಗುರುತು. ನಿಂಗರಾಜು ಅದನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಮಾಡಿದ ಕೆಲಸವೆಲ್ಲ ಯಾರೋ ತನ್ನ ಕಣ್ಣೆದುರೇ ಕಲಸಿಹಾಕಿದಂತೆ ಅನಿಸಿತು ಅವನಿಗೆ.

"ಇದು ನನ್ದಲ್ಲ," ಎಂದ.

"ನಿಮ್ದೇ ಅಣ್ಣ, ಹಳೇ ಫಾಂಟು ಅಷ್ಟೇ. ಆದ್ರೆ ಈ ಡಿಸ್ಕ್ ಸೌಂಡು ಸರಿ ಇಲ್ಲ. ಎಲ್ಲಾನೂ ಒಂದ್ ಕಾಪಿ ಮಾಡಿಟ್ಕೊಡ್ಲಾ?"

"ಓದಕ್ಕೇ ಬರ್ದೇ ಇರೋದ್ನ ಕಾಪಿ ಮಾಡ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲಾ? ಬಿಚ್ಚಿ ಕೊಡವ್ವ."

ಅವಳು ಇನ್ನೊಮ್ಮೆ ಹೇಳಿದಳು. ಅವನು ಕೇಳಲಿಲ್ಲ. ಸೀರೆ ಗಂಟು ಕಟ್ಟಿಕೊಂಡು ಹೊರಗೆ ಬಂದ.

ಆಗಲೇ ಚಿಕ್ಕಮಾದುವಿನ ಫೋನು. "ಅಣ್ಣ, ಕಾರ್ಡು ಆಯ್ತಾ? ನರಸೀಪುರದೋರು ಕೇಳ್ತಾವ್ರೆ."

"ಆಯ್ತಾ ಅದೆ ಕಣ್ಲಾ, ಸುಮ್ಕಿರು," ಎಂದು ನಿಂಗರಾಜು ಬಸ್ ನಿಲ್ದಾಣದ ಕಡೆ ನಡೆದ.

ನರಸೀಪುರದಲ್ಲಿ ಚೆಲುವರಾಜು ಎಂಬುವನಿದ್ದ. ಆಫೀಸುಗಳಲ್ಲಿ ಬಿಸಾಡಿದ ಕಂಪ್ಯೂಟರುಗಳನ್ನು ಹರಾಜಿನಲ್ಲಿ ಕೊಂಡು, ಬಿಚ್ಚಿ, ಬಿಡಿಭಾಗ ಮಾರುವವನು. ಅವನ ಅಂಗಡಿಯಲ್ಲಿ ಕೂರಲು ಜಾಗವೇ ಇರಲಿಲ್ಲ. ಕೀಬೋರ್ಡುಗಳನ್ನು ಕಟ್ಟಿಗೆಯಂತೆ ಒಟ್ಟಿದ್ದ. ನಿಂಗರಾಜುವಿನ ಬೋರ್ಡನ್ನು ಬೆಳಕಿಗೆ ಹಿಡಿದು, "ಇದೇ ಜಾತಿದು ಒಂದಿತ್ತಲ್ಲ," ಎಂದು ಗೊಣಗುತ್ತ ಹಿಂದಿನ ಕೋಣೆಗೆ ಹೋದ. ಮಧ್ಯಾಹ್ನವೆಲ್ಲ ಹುಡುಕಿದ. ಸಿಕ್ಕ ಮೊದಲನೆಯದರ ಒಂದು ಮೂಲೆ ಮುರಿದಿತ್ತು. ಎರಡನೆಯದು ಕೂತಿತು. ಪರದೆ ಬೆಳಗಿದಾಗ ನಿಂಗರಾಜು ಚೆಲುವರಾಜುವಿನ ಕೈ ಹಿಡಿದುಕೊಂಡುಬಿಟ್ಟ.

"ಗ್ಯಾರಂಟಿ ಗಿರಂಟಿ ಕೇಳ್ಬ್ಯಾಡ ಕಣಣ್ಣ, ಮೊದ್ಲೇ ಯೋಳಿವ್ನಿ," ಎಂದ ಚೆಲುವರಾಜು. "ನಿನ್ ಡಿಸ್ಕೂ ಅಳೇದು ಕಣಣ್ಣ. ಉಸಾರು."

ಆವತ್ತು ಅದನ್ನು ಅವನಿಗೆ ಹೇಳಿದ ಎರಡನೆಯ ಮನುಷ್ಯ ಚೆಲುವರಾಜು. ನಿಂಗರಾಜುವಿಗೆ ಊರಿಗೆ ಹೋಗುವ ಬಸ್ಸು ತಪ್ಪಿದರೆ ಎನ್ನುವ ಚಿಂತೆಯೇ ದೊಡ್ಡದಾಗಿತ್ತು.

ಮಾರನೆಯ ದಿನ ಹೊಲಕ್ಕೂ ಹೋಗದೆ ಕೂತ. ಎಲ್ಲವೂ ಹಿಂದಿನಂತೆ ನಡೆಯಿತು. ಹಿಂದಿಗಿಂತ ಚುರುಕಾಗಿ ನಡೆಯುತ್ತಿದೆ ಎಂದು ಮಾದಮ್ಮನನ್ನು ಕರೆದು ತೋರಿಸಿದ. ಎಲೆಗಳು ಸಾಲಾಗಿ ಬಂದವು. ಬುದ್ಧ ಮೇಲೆ ಕೂತ. ಇನ್ನು ಹುಡುಗಿಯ ಸೋದರಮಾವಂದಿರ ಹೆಸರಷ್ಟೇ ಬಾಕಿ. ಆಗ ಒಳಗಿನಿಂದ ಟಿಕ್ ಎಂದಿತು. ಬಾಣದ ಗುರುತು ನಿಂತಲ್ಲೇ ನಿಂತಿತು. ಟಿಕ್, ಟಿಕ್, ಉಗುರಿನಿಂದ ತಗಡಿಗೆ ಬಡಿದ ಹಾಗೆ. ಅವನು ಮೌಸ್ ಅಲ್ಲಾಡಿಸಿದ, ಕೀಲಿಗಳನ್ನೆಲ್ಲ ಒತ್ತಿದ, ಕೊನೆಗೆ ಆರಿಸಿ ಹಾಕಿದ. ಕಪ್ಪು ಪರದೆಯ ಮೇಲೆ ಡಿಸ್ಕೇ ಇಲ್ಲ ಎನ್ನುವ ಒಂದು ಸಾಲು ಬಂದು ನಿಂತಿತು.

ಅವನು ಡಿಸ್ಕನ್ನು ಬಿಚ್ಚಿ ಕಿವಿಗೆ ಹಿಡಿದ. ಬಿಸಿಲಿನಲ್ಲಿಟ್ಟ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೊಸರಿನ ಪಕ್ಕ ಇಟ್ಟ. ಹೊರಗೆ ತೆಗೆದು ಹಾಕಿದರೆ ಮತ್ತೆ ಅದೇ ಟಿಕ್ ಟಿಕ್. ಸ್ಕ್ರೂಡ್ರೈವರನ್ನು ಗೋಡೆಗೆ ಬೀಸಿ ಎಸೆದ. ಗಾರೆ ಎದ್ದು ಬಂತು.

"ಗ್ವಾಡೆ ಏನ್ ಮಾಡಿತ್ತು ನಿಮ್ಗೆ?" ಎಂದಳು ಮಾದಮ್ಮ. "ಆ ಡಬ್ಬುದ್ ಮುಂದೆ ಕೂತು ಕೂತು ಡಬ್ಬದಂಗೇ ಆಗೋದ್ರಿ."

ಸಂಜೆ ಕೆಲಸದಿಂದ ಬಂದ ಕವನ ನಡೆದದ್ದನ್ನೆಲ್ಲ ಕೇಳಿದಳು. "ಅಪ್ಪಾ, ಆ ಅಂಗ್ಡಿಯೋಳು ಕಾಪಿ ಮಾಡ್ಕೊಡ್ತೀನಿ ಅಂದ್ಲಲ್ಲ. ಒಂದ್ ಪೆನ್ ಡ್ರೈವ್‌ಗೆ ಹಾಕುಸ್ಕೊಬಾರ್ದಾಗಿತ್ತಾ?"

ನಿಂಗರಾಜು ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದ. ತಂಗಿಯ ಮದುವೆಯಿಂದ ಹಿಡಿದು ಮಾಡಿದ ಪ್ರತಿ ಕಾರ್ಡೂ ಅದರಲ್ಲಿತ್ತು.

ಕವನ ರಜೆ ಹಾಕಿ ಆ ಡಿಸ್ಕನ್ನು ಮೈಸೂರಿಗೆ ತೆಗೆದುಕೊಂಡು ಹೋದಳು. ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಬರುವುದಿಲ್ಲ ಎಂದರು. ಈ ನಡುವೆ ಚಿಕ್ಕಮಾದುವಿನ ಫೋನು ಬಂದಾಗಲೆಲ್ಲ ನಿಂಗರಾಜು, "ನಾಳೆ," ಎನ್ನುತ್ತಿದ್ದ. ನಿಜ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಹೇಳಿದಾಗ ಚಿಕ್ಕಮಾದು, "ಮೊದ್ಲೇ ಯೋಳ್ಬುಟ್ಟಿದ್ರೆ ಆಯ್ತಿತ್ತಲ್ಲಣ್ಣ," ಎಂದು ಫೋನಿಟ್ಟ. ನಂತರ ಯಾವುದೋ ಅಂಗಡಿಗೆ ಓಡಿ, ಕೈಗೆ ಸಿಕ್ಕ ಕಾರ್ಡು ಮಾಡಿಸಿದ. ಗಂಡಿನ ಕಡೆಯವರಿಗೆ ತೋರಿಸಿ ಸೈ ಅನ್ನಿಸುವಷ್ಟು ಸಮಯವೂ ಉಳಿದಿರಲಿಲ್ಲ.

ಆ ಕಾರ್ಡು ನಿಂಗರಾಜುವಿನ ಮನೆಗೂ ಬಂತು. ಅವನು ಲಕೋಟೆಯಿಂದ ತೆಗೆದು ನೋಡಿದ. ಗಣಪತಿಯ ಜಾಗದಲ್ಲಿ ಬುದ್ಧನನ್ನು ಹಾಕಿ ಎಂದು ಚಿಕ್ಕಮಾದು ಹೇಳಿದ್ದನಂತೆ. ಅಂಗಡಿಯವನು ಹಾಕಿದ್ದ. ದೊಡ್ಡ ಹೊಟ್ಟೆ ಬಿಟ್ಟುಕೊಂಡು, ಹೆಗಲಿಗೆ ಗಂಟು ಹಾಕಿಕೊಂಡು, ಬಾಯಿ ತುಂಬ ನಗುವ ಬುದ್ಧ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತಾರಲ್ಲ, ಅದು. ಕೆಳಗೆ ಬಾಳೆಕಂಬಗಳು ಹಾಗೇ ಇದ್ದವು. ನಿಂಗರಾಜು ಕಾರ್ಡನ್ನು ಮಗುಚಿಟ್ಟು ಅಂಗಳಕ್ಕೆ ಹೋಗಿ ಕೂತ. ಕವನ ನಗು ತಡೆಯಲಾರದೆ ಒಳಗೆ ಓಡಿದಳು. ಆಮೇಲೆ ಅಪ್ಪನ ಮುಖ ನೋಡಿ ಅವಳ ನಗುವೂ ನಿಂತಿತು.

ಮದುವೆಗೆ ಹೋಗುವುದಿಲ್ಲ ಎಂದು ಅವನು ಹಠ ಹಿಡಿದ. "ಕಾರ್ಡಲ್ಲಿ ಯಾರಿದ್ರೆ ಏನು, ಹುಡುಗಿ ನಮ್ ಹುಡುಗಿ ತಾನೆ?" ಎಂದು ಮಾದಮ್ಮ ಹೊರಡಿಸಿದಳು. ನರಸೀಪುರದ ಮಂಟಪದಲ್ಲಿ ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಸರಣ ಹೇಳಿ ಮದುವೆ ಮುಗಿಯಿತು. ಊಟದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ಅಜ್ಜಿ ಕೆಂಪಾಜಮ್ಮ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, "ಇದ್ಯಾರಪ್ಪ, ಒಟ್ಟೆ ಬುಟ್ಕೊಂಡು ನಗ್ತಾವ್ನಲ್ಲ? ನಮ್ಮ ಬುದ್ಧ ಇಂಗವ್ನಾ?" ಎಂದು ಗಟ್ಟಿಯಾಗಿ ಕೇಳಿದಳು.

ಪಕ್ಕದಲ್ಲಿದ್ದ ಯಾರೋ, "ಕವಲಂದೆ ನಿಂಗರಾಜು ಮಾಡಿರಬೇಕು ಕಣಜ್ಜಿ. ಅವನೇ ಅಲ್ವ ನಮ್ಮೋರ್ ಕಾರ್ಡೆಲ್ಲ ಮಾಡದು?" ಎಂದರು.

ನಿಂಗರಾಜು ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. ಎದುರಿಗೇ ಬಡಿಸುತ್ತಿದ್ದ ಚಿಕ್ಕಮಾದು ಸಾರಿನ ಬಕೆಟ್ಟು ಹಿಡಿದುಕೊಂಡು ಬೇರೆ ಕಡೆ ನೋಡಿದ. ಸುಮ್ಮನಿರಬೇಕೆಂದು ನಿಂಗರಾಜು ಅಂದುಕೊಂಡ. ಹೆಣ್ಣಿನ ಅಪ್ಪನ ಮರ್ಯಾದೆ ಎಂದುಕೊಂಡ. ಆದರೆ ತಡೆಯಲಾಗಲಿಲ್ಲ.

"ನಾನಲ್ಲ ಕಣವ್ವ! ಆ ಒಟ್ಟೆ ನನ್ದಲ್ಲ. ನನ್ ಕಂಪ್ಯೂಟ್ರು ಸತ್ತೋಯ್ತು, ಅದ್ಕೇ ಇದು ಬಂದದೆ!"

ಇಡೀ ಪಂಕ್ತಿ ನಕ್ಕಿತು. ಕೆಂಪಾಜಮ್ಮನೂ ನಕ್ಕಳು. ಚಿಕ್ಕಮಾದು ನಗಲಿಲ್ಲ. ಬಕೆಟ್ಟನ್ನು ಅಲ್ಲೇ ಇಟ್ಟು ಅಡುಗೆಮನೆ ಕಡೆ ಹೋದ. ಊಟದ ನಂತರ ನಿಂಗರಾಜು ಅವನನ್ನು ಹುಡುಕಿಕೊಂಡು ಹೋದಾಗ, "ನಿನ್ ಕಂಪ್ಯೂಟ್ರು ಸತ್ತಿದ್ದು ನನ್ ತಪ್ಪಾ ನಿಂಗರಾಜಣ್ಣ? ಎಲ್ಲರ ಮುಂದೆ ಅಂಗನ್ನದಾ?" ಎಂದಷ್ಟೇ ಹೇಳಿ ಬೇರೆಯವರನ್ನು ಮಾತಾಡಿಸತೊಡಗಿದ.

ಬಸ್ಸಿನಲ್ಲಿ ನಿಂಗರಾಜು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದ. ಯಂತ್ರದ ಮೇಲಿನ ಸಿಟ್ಟು ಯಾವುದು, ತನ್ನ ಮೇಲಿನದು ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಮಳೆ ಶುರುವಾದ ಮೇಲೆ ಕವನ ಅಪ್ಪನನ್ನು ಕೇಳದೆ ಚೆಲುವರಾಜುವಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ತಂದಳು. ಹಳೆಯದರ ಅರ್ಧ ಗಾತ್ರ, ಸದ್ದೂ ಇಲ್ಲ. ನಿಂಗರಾಜು ಮೊದಲ ವಾರ ಅದನ್ನು ಮುಟ್ಟಲಿಲ್ಲ. ಮುಟ್ಟಿದ ಮೇಲೆ ಬೈಯುವುದು ನಿಲ್ಲಿಸಲಿಲ್ಲ. ಅವನ ಬೆರಳುಗಳಿಗೆ ಗೊತ್ತಿದ್ದ ಕೀಲಿಯಲ್ಲಿ ಬೇರೆ ಅಕ್ಷರ ಬರುತ್ತಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತಿತ್ತು. "ಧರ್ಮ ಅಂತ ಬರ್ಯಕ್ಕೂ ಬರಕಿಲ್ಲ ಇದ್ಕೆ!" ಎಂದು ಎದ್ದು ಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೂರುತ್ತಿದ್ದ.

ಅಂಚನ್ನಂತೂ ಮೊದಲಿನಿಂದ ಬರೆಯಬೇಕಾಗಿತ್ತು. ನೋಡಿ ಬರೆಯಲು ಅವನ ಹತ್ತಿರ ತಾನು ಮಾಡಿದ ಒಂದು ಕಾರ್ಡೂ ಇರಲಿಲ್ಲ. ಎಲ್ಲ ಯಂತ್ರದಲ್ಲಿದೆಯಲ್ಲ ಎಂದು ಇಟ್ಟುಕೊಂಡೇ ಇರಲಿಲ್ಲ. ತಂಗಿಯ ಮನೆಯಲ್ಲಿ ಕೇಳಿದರೆ, ಮಕ್ಕಳು ಗಾಳಿಪಟಕ್ಕೆ ಹಚ್ಚಿದ್ದಾರೆ ಎಂದಳು. ಹುಲ್ಲಹಳ್ಳಿಯಲ್ಲಿ ಒಬ್ಬರ ಮನೆಯ ಕನ್ನಡಿ ಚೌಕಟ್ಟಿಗೆ ಒಂದು ಕಾರ್ಡು ಸಿಕ್ಕಿಸಿತ್ತು. ಆದರೆ ಹೊಗೆ ಹಿಡಿದು ಎಲೆಗಳ ಗೆರೆ ಕಾಣುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ, ಯಾರಿಂದಲೋ ಸುದ್ದಿ ಕೇಳಿ, ಚಿಕ್ಕಮಾದುವೇ ಬಂದ. ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಅವನ ಅಣ್ಣನ ಮದುವೆಗೆ ನಿಂಗರಾಜು ಮಾಡಿದ್ದ ಕಾರ್ಡನ್ನು ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟು ತಂದಿದ್ದ.

"ನಮ್ಮತ್ತಿಗೆ ಟ್ರಂಕಲ್ಲಿ ಮಡಗಿದ್ರು. ನೋಡ್ಕೊಂಡು ವಾಪಸ್ ಕೊಡ್ಬೇಕಂತೆ," ಎಂದ.

"ಕೂತ್ಕೊಳ್ಲಾ," ಎಂದ ನಿಂಗರಾಜು.

"ಕೂರಕಿಲ್ಲ. ಬಸ್ಸದೆ." ಹಾಗೆಂದವನು ಮಾದಮ್ಮ ಟೀ ತಂದ ಮೇಲೆ ಕೂತ. ಇಬ್ಬರೂ ಮದುವೆಯ ಮಾತು ಎತ್ತಲಿಲ್ಲ. ರಾಗಿ ಪೈರಿನ ಮಾತಾಡಿದರು. ಹೊರಡುವಾಗ ಚಿಕ್ಕಮಾದು, "ನನ್ ಎರಡ್ನೇದವ್ಳ ಕಾರ್ಡು ನೀನೇ ಮಾಡ್ಬೇಕು. ಒಟ್ಟೆ ಇರ್ಬಾರ್ದು," ಎಂದ. ಆಗ ಮಾತ್ರ ನಿಂಗರಾಜುವಿಗೆ ನಗು ಬಂತು.

ಎಲೆಯ ಅಂಚು ಮುಗಿಯಲು ಆ ಮಳೆಗಾಲವೆಲ್ಲ ಬೇಕಾಯಿತು. ಮುಗಿದ ಮೇಲೂ ಅವನಿಗೆ ತೃಪ್ತಿಯಾಗಲಿಲ್ಲ. ಹಳೆಯದರಲ್ಲಿ ಎಲೆಯ ತುದಿ ಬಾಗಿದಂತೆ ಇದರಲ್ಲಿ ಬಾಗುವುದಿಲ್ಲ ಎನ್ನುತ್ತಾನೆ. ನೋಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೂ ಕಾರ್ಡು ಬೇಕೆಂದು ಬಂದವರನ್ನು ಈಗ ವಾಪಸು ಕಳಿಸುವುದಿಲ್ಲ. ಒಂದೊಂದು ಕಾರ್ಡು ಮುಗಿದಾಗಲೂ ಮಗಳನ್ನು ಕೂಗುತ್ತಾನೆ. ಪೆನ್ ಡ್ರೈವಿಗೆ ಹಾಕು, ನಿನ್ನ ಫೋನಿಗೂ ಹಾಕು, ನಿನ್ನ ಫ್ಯಾಕ್ಟರಿಯ ಸ್ನೇಹಿತೆಗೂ ಒಂದು ಕಳಿಸು ಎಂದು ಪೀಡಿಸುತ್ತಾನೆ.

"ಅಪ್ಪಾ, ಅವ್ಳಿಗ್ಯಾಕಪ್ಪ ಊರೋರ್ ಮದ್ವೆ ಕಾರ್ಡು?" ಎಂದು ಕವನ ರೇಗುತ್ತಾಳೆ.

"ಇರ್ಲಿ ಕಳ್ಸು. ನಂಬಕ್ಕಾಗಕಿಲ್ಲ ಇವ್ನ," ಎಂದು ನಿಂಗರಾಜು ಹೊಸ ಯಂತ್ರದ ನೆತ್ತಿಯ ಮೇಲೆ ಕೈಯಿಟ್ಟು, ಬಿಸಿಯಾಗಿದೆಯೇ ಎಂದು ನೋಡುತ್ತಾನೆ.